ಯಾವ ಬ್ಯಾಂಕಲ್ಲಿ ಇಡೋದು ಸಾರ್?

ಅರ್ಥಶಾಸ್ತ್ರದ ಮೇಷ್ಟ್ರು ಅಂತ ಗೊತ್ತಾದರೆ ಜನ ಬೆಲೆಯೇರಿಕೆ ಬಗ್ಗೆ ಕೇಳುತ್ತಾರೆ. ಅದರಲ್ಲೂ ಬ್ಯಾಂಕಿಂಗ್ ಪಾಠ ಮಾಡುವವನು ಅಂತ ಗೊತ್ತಾದರೆ ಪ್ರಶ್ನೆ ಒಂದೇ: "ಸಾರ್, ಎಫ್‌ಡಿ ಯಾವ ಬ್ಯಾಂಕಲ್ಲಿ ಇಡೋದು?" ಮದುವೆ ಊಟದ ಪಂಕ್ತಿಯಲ್ಲಿ ಕೇಳಿದ್ದಾರೆ, ಬಸ್ಸಿನಲ್ಲಿ ಕೇಳಿದ್ದಾರೆ. ಹಲ್ಲಿನ ಡಾಕ್ಟರೊಬ್ಬರು ನನ್ನ ಬಾಯಿ ತೆರೆಸಿಟ್ಟುಕೊಂಡೇ ಕೇಳಿದ್ದುಂಟು. ನಾನು ಯಾವತ್ತೂ ಬ್ಯಾಂಕಿನ ಹೆಸರು ಹೇಳಿದವನಲ್ಲ. ಜಾರಿಕೊಳ್ಳುತ್ತಾನೆ ಅಂತ ಅಂದುಕೊಂಡವರೇ ಹೆಚ್ಚು. ಆದರೆ ನಾನು ತರಗತಿಯಲ್ಲಿ ಹೇಳಿಕೊಟ್ಟ ಪಾಠದ ಪ್ರಕಾರ, ನನ್ನಂಥವನು "ಅಲ್ಲಿ ಇಡಬೇಡಿ" ಅಂದರೆ, ಹತ್ತು ಜನ ನಂಬಿದರೆ, ಗಟ್ಟಿಮುಟ್ಟಾಗಿದ್ದ ಬ್ಯಾಂಕೂ ಮುಗ್ಗರಿಸಬಹುದು. ತನ್ನ ಮಾತಿಗೆ ಇಂಥ ಶಕ್ತಿ ಇದೆ ಅಂತ ಸಸ್ಯಶಾಸ್ತ್ರದವರು ಹೆದರಬೇಕಾಗಿಲ್ಲ. ಅವರು ಹೇಳಿದರು ಅಂತ ಮರ ಒಣಗುವುದಿಲ್ಲ.

ನಾನು ಕೆಲಸಕ್ಕೆ ಸೇರಿದ ಕಾಲಕ್ಕೆ ಅರ್ಥಶಾಸ್ತ್ರ ವಿಭಾಗದಲ್ಲಿ 'ಹಣ ಮತ್ತು ಬ್ಯಾಂಕಿಂಗ್' ಪತ್ರಿಕೆಗೆ ದೊಡ್ಡ ಮರ್ಯಾದೆಯೇನೂ ಇರಲಿಲ್ಲ. ಎಕನಾಮೆಟ್ರಿಕ್ಸ್, ಅಂದರೆ ಅರ್ಥಶಾಸ್ತ್ರದ ಅಂಕಿಅಂಶದ ಲೆಕ್ಕ, ಬಲ್ಲವರು ಒಂದು ಮಜಲು ಮೇಲೆ, ಅಭಿವೃದ್ಧಿ ಅರ್ಥಶಾಸ್ತ್ರದವರು ಸಭೆ ಸಮಾರಂಭಗಳಿಗೆ. ಬ್ಯಾಂಕಿಂಗ್ ಪತ್ರಿಕೆ ಹೊಸದಾಗಿ ಬಂದವರ ಪಾಲಿಗೆ. ಪಠ್ಯ ಅಂದರೆ ಪಟ್ಟಿ: ವಾಣಿಜ್ಯ ಬ್ಯಾಂಕಿನ ಪ್ರಾಥಮಿಕ ಕಾರ್ಯಗಳು, ದ್ವಿತೀಯಕ ಕಾರ್ಯಗಳು, ಏಜೆನ್ಸಿ ಕಾರ್ಯಗಳು. ಲಾಕರ್ ಕೊಡುವುದೂ ಆ ಪಟ್ಟಿಯಲ್ಲಿ ಒಂದು ಅಂಶ. ಹದಿನೈದು ಅಂಕಕ್ಕೆ ಎಲ್ಲವನ್ನೂ ಉರು ಹೊಡೆದು ಬರೆಯುತ್ತಿದ್ದರು. ಮಕ್ಕಳು ಎಂಎ ಸೇರುತ್ತಿದ್ದದ್ದೇ ಬ್ಯಾಂಕ್ ಪರೀಕ್ಷೆಗೆ ಓದಿಕೊಳ್ಳಲು ಎರಡು ವರ್ಷ ಹಾಸ್ಟೆಲ್ ಸಿಗುತ್ತದೆ ಅಂತ. ಅದರಲ್ಲಿ ತಪ್ಪೇನೂ ಕಾಣಲಿಲ್ಲ ನನಗೆ. ಆದರೆ ಬ್ಯಾಂಕು ಯಾಕಿದೆ, ಅದು ಇಲ್ಲದಿದ್ದರೆ ಏನಾಗುತ್ತಿತ್ತು ಅನ್ನುವ ಪ್ರಶ್ನೆ ಆ ಪಟ್ಟಿಯಲ್ಲಿ ಎಲ್ಲೂ ಇರಲಿಲ್ಲ.

ಕರಾವಳಿಯಲ್ಲಿ ಕೂತು ಇಂಥ ಪಾಠ ಮಾಡುವುದು ಇನ್ನೂ ವಿಚಿತ್ರ. ಒಂದು ಕಾಲದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಬ್ಯಾಂಕುಗಳು ಹುಟ್ಟಿದವು. 1906ರಲ್ಲಿ ಮಂಗಳೂರಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳ ಕೆನರಾ, ಅದೇ ವರ್ಷ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರ ಕಾರ್ಪೊರೇಷನ್, 1924ರಲ್ಲಿ ಕರ್ಣಾಟಕ, 1925ರಲ್ಲಿ ಸಿಂಡಿಕೇಟ್, 1931ರಲ್ಲಿ ವಿಜಯಾ. ಯಾವ ಗಣಿಯೂ ಇಲ್ಲದ, ದೊಡ್ಡ ಕಾರ್ಖಾನೆ ಅಂದರೆ ಹಂಚಿನದು ಅನ್ನುವಂಥ ಊರುಗಳಲ್ಲಿ ಇಷ್ಟೊಂದು ಬ್ಯಾಂಕು ಯಾಕೆ? ಪಠ್ಯದಲ್ಲಿ ಉತ್ತರವಿಲ್ಲ. ವಿಭಾಗದ ಕಾರಿಡಾರಿನಲ್ಲಿ ಮಾತ್ರ ದಿನಾ ಮಧ್ಯಾಹ್ನ ಪಿಗ್ಮಿ ಏಜೆಂಟ್ ಒಬ್ಬರು ಬರುತ್ತಿದ್ದರು. ಬಗಲಲ್ಲಿ ರೆಕ್ಸಿನ್ ಚೀಲ, ಕೈಯಲ್ಲಿ ರಸೀದಿ ಪುಸ್ತಕ, ಆಮೇಲಾಮೇಲೆ ಚೀಟಿ ಹರಿದುಕೊಡುವ ಪುಟ್ಟ ಯಂತ್ರ. ಜವಾನರಿಂದ ಹತ್ತು ರೂಪಾಯಿ, ಕ್ಯಾಂಟೀನಿನ ಹುಡುಗನಿಂದ ಇಪ್ಪತ್ತು. 1928ರಲ್ಲಿ ಉಡುಪಿಯಲ್ಲಿ ಎರಡಾಣೆಯಿಂದ ಶುರುವಾದ ಪದ್ಧತಿ ಅದು. ಕ್ಯಾಂಟೀನ್ ಹುಡುಗನಿಗೆ ಸಾಲ ಕೊಡಬಹುದೋ ಬೇಡವೋ ಅನ್ನುವುದು ಆ ಏಜೆಂಟರಿಗೆ ಮ್ಯಾನೇಜರಿಗಿಂತ ಚೆನ್ನಾಗಿ ಗೊತ್ತಿತ್ತು. ದಿನಾ ಮುಖ ನೋಡುತ್ತಿದ್ದರಲ್ಲ! ನಾನು ಒಳಗೆ ದ್ವಿತೀಯಕ ಕಾರ್ಯಗಳನ್ನು ಬರೆಸುತ್ತಿದ್ದೆ, ನಿಜವಾದ ಬ್ಯಾಂಕಿಂಗ್ ಬಾಗಿಲ ಹೊರಗೆ ನಡೆಯುತ್ತಿತ್ತು.

ಬೆಂಗಳೂರಿನ ನಾಗರಬಾವಿಯಲ್ಲಿ ಅರ್ಥಶಾಸ್ತ್ರಜ್ಞ ವಿ. ಕೆ. ಆರ್. ವಿ. ರಾವ್ ಕಟ್ಟಿದ ಐಸೆಕ್ ಎಂಬ ಸಮಾಜವಿಜ್ಞಾನ ಸಂಶೋಧನಾ ಸಂಸ್ಥೆಯ ಗ್ರಂಥಾಲಯ ಆಗ ನಮ್ಮಂಥವರಿಗೆ ಕಾಶಿ. ಅಲ್ಲಿ ಜೆರಾಕ್ಸ್ ಮಾಡಿಸಿಕೊಂಡು ತಂದ ಒಂದು ಲೇಖನ ನನ್ನ ಮುಂದಿನ ಕೆಲಸದ ದಿಕ್ಕನ್ನೇ ತಿರುಗಿಸಿತು. ಡಗ್ಲಸ್ ಡೈಮಂಡ್ ಮತ್ತು ಫಿಲಿಪ್ ಡಿಬ್ವಿಗ್ 1983ರ ಜೂನ್‌ನಲ್ಲಿ ಚಿಕಾಗೋದ 'ಜರ್ನಲ್ ಆಫ್ ಪೊಲಿಟಿಕಲ್ ಎಕಾನಮಿ'ಯಲ್ಲಿ ಬರೆದದ್ದು. ಹತ್ತೊಂಬತ್ತು ಪುಟ. ಅಂಕಿಅಂಶದ ಒಂದು ಕೋಷ್ಟಕವೂ ಇಲ್ಲ.

ಡೈಮಂಡ್ ಬದುಕು ಹೇಳಲು ಹೊರಟರೆ ಒಂದು ಪ್ಯಾರಾದಲ್ಲಿ ಮುಗಿಯುತ್ತದೆ, ನನಗೆ ಅದೇ ಇಷ್ಟ. ಬ್ರೌನ್ ವಿಶ್ವವಿದ್ಯಾಲಯದಲ್ಲಿ ಪದವಿ, ಯೇಲ್‌ನಲ್ಲಿ ಪಿಎಚ್‌ಡಿ, 1979ರಲ್ಲಿ ಚಿಕಾಗೋ ವಿಶ್ವವಿದ್ಯಾಲಯಕ್ಕೆ ಸೇರಿದ್ದು. ಅಲ್ಲೇ ಉಳಿದರು. ಮಂತ್ರಿಗಿರಿಯಿಲ್ಲ, ಗವರ್ನರ್ ಹುದ್ದೆಯಿಲ್ಲ. ಬ್ಯಾಂಕು ಯಾಕೆ ಬೇಕು, ಬೇಕಾದದ್ದು ಯಾಕೆ ಇಷ್ಟು ಸುಲಭವಾಗಿ ಒಡೆಯುತ್ತದೆ ಅನ್ನುವ ಒಂದೇ ಪ್ರಶ್ನೆಯನ್ನು ಬೇರೆ ಬೇರೆ ಕಡೆಯಿಂದ ತಿರುವಿ ನೋಡುತ್ತ ನಲವತ್ತು ವರ್ಷ ಕಳೆದರು. 2022ರ ಅಕ್ಟೋಬರ್‌ನಲ್ಲಿ ಡಿಬ್ವಿಗ್ ಮತ್ತು ಅಮೆರಿಕದ ಕೇಂದ್ರ ಬ್ಯಾಂಕಿನ ಮುಖ್ಯಸ್ಥರಾಗಿದ್ದ ಬೆನ್ ಬರ್ನಾಂಕೆ ಜೊತೆ ನೊಬೆಲ್ ಬಂತು.

ಆ ಲೇಖನವನ್ನು ನಮ್ಮ ಹುಡುಗರಿಗೆ ಹೇಳಲು ಗಣಿತ ಬಿಟ್ಟು ಅಡಿಕೆ ಹಿಡಿದೆ. ಬೋರ್ಡಿನ ಮೇಲೆ ಹೀಗೆ ಬರೆಯುತ್ತಿದ್ದೆ. ಊರಿನ 100 ಜನ ತಲಾ 100 ರೂಪಾಯಿ ಬ್ಯಾಂಕಿಗೆ ಹಾಕಿದರು. 10,000 ಆಯಿತು. ಬ್ಯಾಂಕು ಅದನ್ನು ಅಡಿಕೆ ತೋಟಕ್ಕೆ ಸಾಲ ಕೊಟ್ಟಿತು. ಫಸಲು ಬರುವ ತನಕ ಕಾದರೆ ದುಡ್ಡು ಇಮ್ಮಡಿ, ನಡುವೆ ಕಿತ್ತರೆ ಹಾಕಿದಷ್ಟೇ ವಾಪಸ್. 100 ಜನರಲ್ಲಿ 25 ಮಂದಿಗೆ ನಡುವೆಯೇ ಖರ್ಚು ಬರುತ್ತದೆ. ಆಸ್ಪತ್ರೆ, ಮದುವೆ, ಏನೋ ಒಂದು. ಯಾರಿಗೆ ಅಂತ ಮೊದಲೇ ಯಾರಿಗೂ ಗೊತ್ತಿಲ್ಲ. ಬ್ಯಾಂಕು ಹೇಳುತ್ತದೆ: ನಡುವೆ ಬಂದವರಿಗೆ 100 ಅಲ್ಲ, 120 ಕೊಡುತ್ತೇನೆ. 25 ಜನಕ್ಕೆ 3,000 ಹೋಯಿತು. ಉಳಿದ 7,000 ಇಮ್ಮಡಿಯಾಗಿ 14,000. ಕಾದ 75 ಜನಕ್ಕೆ ತಲಾ 186 ಚಿಲ್ಲರೆ. ಅವಸರದವನಿಗೂ ಲಾಭ, ಕಾದವನಿಗೂ ಮೋಸವಿಲ್ಲ. ಒಬ್ಬೊಬ್ಬರೇ ತೋಟಕ್ಕೆ ದುಡ್ಡು ಹಾಕಿದ್ದರೆ ಇಂಥ ಆಸರೆ ಯಾರಿಗೂ ಸಿಗುತ್ತಿರಲಿಲ್ಲ. ಬ್ಯಾಂಕು ಬೇಕಾದದ್ದು ಇದಕ್ಕೆ.

ಈಗ ಬೋರ್ಡಿನ ಇನ್ನೊಂದು ಬದಿ. ಯಾರೋ ಒಬ್ಬ "ಎಲ್ಲರೂ ದುಡ್ಡು ತೆಗೀತಿದ್ದಾರಂತೆ" ಅಂದ. ಅಷ್ಟೇ. ತೋಟಕ್ಕೆ ರೋಗ ಬಂದಿಲ್ಲ, ಸಾಲಗಾರ ಓಡಿಹೋಗಿಲ್ಲ. ಆದರೂ 100 ಜನ ಬಂದು ನಿಂತರೆ ಬ್ಯಾಂಕಿನ ಹತ್ತಿರ ಇರುವುದು 10,000. ತಲಾ 120ರಂತೆ 83 ಜನಕ್ಕೆ ಸಾಕು. 84ನೆಯವನಿಗೆ 40 ರೂಪಾಯಿ. ಹಿಂದಿನ 16 ಜನಕ್ಕೆ ಬರಿಗೈ. ಅಂದ ಮೇಲೆ ಸಾಲಿನಲ್ಲಿ ಹಿಂದೆ ಬೀಳಬಾರದು ಅಂತ ಓಡುವುದು ಹುಚ್ಚಲ್ಲ, ಜಾಣತನ. ಇತರರು ಓಡುತ್ತಾರೆ ಅಂತ ನಂಬಿದರೆ ನಾನೂ ಓಡಬೇಕು, ಓಡುವುದಿಲ್ಲ ಅಂತ ನಂಬಿದರೆ ಮನೆಯಲ್ಲೇ ಇರಬೇಕು. ಎರಡೂ ಸರಿ. ಬ್ಯಾಂಕು ಯಾವ ಕಡೆ ವಾಲುತ್ತದೆ ಅನ್ನುವುದನ್ನು ಅದರ ಲೆಕ್ಕಪುಸ್ತಕ ನೋಡಿ ಹೇಳಲಾಗುವುದಿಲ್ಲ. ಅವಸರದವನಿಗೆ ಆಸರೆ ಕೊಡುವ ಗುಣವೇ ಅದನ್ನು ಬೀಳಿಸುವ ಗುಣವೂ ಹೌದು. ಡೈಮಂಡ್ ಮತ್ತು ಡಿಬ್ವಿಗ್‌ಗಿಂತ ಮುಂಚೆ ಇದು ಯಾರಿಗೂ ಗೊತ್ತಿರಲಿಲ್ಲ ಅಂತಲ್ಲ. ಸಾಲಿನಲ್ಲಿ ನಿಂತವರಿಗೆಲ್ಲ ಗೊತ್ತಿತ್ತು. ಜನರ ಮಂದೆಬುದ್ಧಿ ಅಂತ ತಳ್ಳಿಹಾಕುತ್ತಿದ್ದದ್ದನ್ನು ಬುದ್ಧಿವಂತಿಕೆಯೇ ಅಂತ ಲೆಕ್ಕ ಹಾಕಿ ತೋರಿಸಿದ್ದು ಇವರು.

ಒಂದು ವರ್ಷ ಈ ಪಾಠ ಮುಗಿದಾಗ ಹಿಂದಿನ ಬೆಂಚಿನಿಂದ ಕುಂದಾಪುರ ಕಡೆಯ ಹುಡುಗಿಯೊಬ್ಬಳು ಎದ್ದು, "ಸಾರ್, ಈ ಬ್ಯಾಂಕಲ್ಲಿ ಮ್ಯಾನೇಜರೇ ಇಲ್ವಲ್ಲ?" ಅಂದಳು. ತರಗತಿ ನಕ್ಕಿತು. ನನಗೆ ನಗು ಬರಲಿಲ್ಲ, ಅಷ್ಟು ಸರಿಯಾದ ಪ್ರಶ್ನೆ ಅದು. ಆ ಮಾದರಿಯ ಬ್ಯಾಂಕಿನಲ್ಲಿ ಬೇನಾಮಿ ಸಾಲವಿಲ್ಲ, ನಿರ್ದೇಶಕರ ಭಾವಮೈದುನನಿಗೆ ಕೊಟ್ಟ ಸಾಲವಿಲ್ಲ, ಅಡಮಾನದ ಕಾಗದದಲ್ಲಿ ಇಲ್ಲದ ಜಮೀನಿಲ್ಲ. ತೋಟ ಚೆನ್ನಾಗಿದೆ, ನಂಬಿಕೆ ಒಂದು ಕೈಕೊಟ್ಟಿದೆ. ನಮ್ಮ ಕಡೆ ಬ್ಯಾಂಕು ಬೀಳುವ ಕಥೆಗಳಲ್ಲಿ ಬಹಳಷ್ಟು ಸಲ ತೋಟವೇ ಇರುವುದಿಲ್ಲ.

ಆ ಪ್ರಶ್ನೆಗೆ ಡೈಮಂಡ್ ಉತ್ತರ 1984ರ ಇನ್ನೊಂದು ಲೇಖನದಲ್ಲಿದೆ. ಸಾವಿರ ಜನ ಸೇರಿ ಒಬ್ಬನಿಗೆ ಸಾಲ ಕೊಟ್ಟರೆ ಸಾವಿರ ಜನವೂ ಅವನ ಹಿಂದೆ ಬಿದ್ದು ಕಣ್ಣಿಡಬೇಕು, ಇಲ್ಲವೇ ಯಾರೂ ಕಣ್ಣಿಡುವುದಿಲ್ಲ. ಅದಕ್ಕೇ ಎಲ್ಲರ ಪರವಾಗಿ ನೋಡಿಕೊಳ್ಳಲು ಒಬ್ಬನನ್ನು ಇಡುತ್ತಾರೆ. ಅವನೇ ಬ್ಯಾಂಕರ್. ಹಾಗಾದರೆ ಅವನ ಮೇಲೆ ಕಣ್ಣಿಡುವವರು ಯಾರು? ಬ್ಯಾಂಕರ್ ಒಬ್ಬಿಬ್ಬರಿಗಲ್ಲ, ಒಂದಕ್ಕೊಂದು ಸಂಬಂಧವಿಲ್ಲದ ನೂರಾರು ಜನಕ್ಕೆ ಸಾಲ ಹಂಚಿದ್ದರೆ ಎಲ್ಲವೂ ಒಟ್ಟಿಗೆ ಮುಳುಗುವುದಿಲ್ಲ. ಠೇವಣಿದಾರರಿಗೆ ಮಾತು ಕೊಟ್ಟಷ್ಟು ಮರಳಿಸಲು ಆಗಲಿಲ್ಲ ಅಂದರೆ ಅವನು ನೋಡಿಕೊಂಡಿಲ್ಲ ಅಂತಲೇ ಲೆಕ್ಕ. ಹಂಚಿಕೆಯೇ ಕಾವಲು. ಎಲ್ಲ ಸಾಲವೂ ಒಂದೇ ಬಿಲ್ಡರಿಗೆ ಹೋಗಿದ್ದರೆ ಅದು ಬ್ಯಾಂಕೇ ಅಲ್ಲ ಅಂತ ಈ ಲೇಖನ ಓದಿದವರಿಗೆ ತಾನಾಗಿ ಹೊಳೆಯುತ್ತದೆ. ನನ್ನ ಕೇಳಿದರೆ 1983ರದ್ದಕ್ಕಿಂತ ಇದೇ ದೊಡ್ಡ ಲೇಖನ. ಕಾರಿಡಾರಿನ ಪಿಗ್ಮಿ ಏಜೆಂಟರನ್ನು ಅರ್ಥಶಾಸ್ತ್ರದ ಒಳಗೆ ಕರೆತಂದದ್ದು ಇದು.

ಬರ್ನಾಂಕೆ ಕೂಡ ಅದೇ ಮಾತನ್ನು ಇತಿಹಾಸದ ಕಡೆಯಿಂದ ಹೇಳಿದರು, ಅದೂ ಅದೇ 1983ರ ಜೂನ್‌ನಲ್ಲಿ, ಇನ್ನೊಂದು ಪತ್ರಿಕೆಯಲ್ಲಿ. 1930ರ ದಶಕದ ಅಮೆರಿಕದಲ್ಲಿ ಬ್ಯಾಂಕುಗಳು ಮುಚ್ಚಿದಾಗ ಹೋದದ್ದು ಬರೀ ದುಡ್ಡಲ್ಲ, ಯಾರು ನಂಬಿಕಸ್ಥ ಸಾಲಗಾರ ಅನ್ನುವ ತಿಳಿವಳಿಕೆಯೂ ಹೋಯಿತು. ಅದನ್ನು ಮತ್ತೆ ಕಟ್ಟಲು ವರ್ಷಗಳು ಬೇಕು. ಕುಸಿತ ಅಷ್ಟು ಉದ್ದ ಎಳೆದದ್ದು ಅದಕ್ಕೂ ಹೌದು ಅಂತ ಅವರ ವಾದ.

ಆಮೇಲೆ ಕಾಲು ಶತಮಾನ ಈ ಲೇಖನಗಳನ್ನು ಓದಿದವರು ಪಿಎಚ್‌ಡಿ ತರಗತಿಯವರು ಮಾತ್ರ. ಬ್ಯಾಂಕಿಂಗ್ ಪ್ರಾಧ್ಯಾಪಕರ ವೃತ್ತಿಯ ಸ್ವಭಾವವೇ ಹಾಗೆ: ಬ್ಯಾಂಕುಗಳು ಚೆನ್ನಾಗಿರುವ ತನಕ ಯಾರಿಗೂ ನಾವು ಬೇಡ. 2007ರ ಸೆಪ್ಟೆಂಬರ್‌ನಲ್ಲಿ ಇಂಗ್ಲೆಂಡಿನ ನಾರ್ದರ್ನ್ ರಾಕ್ ಬ್ಯಾಂಕಿನ ಮುಂದೆ ಮುದುಕರು ಮಡಚುವ ಕುರ್ಚಿ ಹಾಕಿಕೊಂಡು ಸಾಲಲ್ಲಿ ಕೂತ ಚಿತ್ರ ಬಂತು. ಅಲ್ಲಿ ಆಗಲೂ ಠೇವಣಿ ವಿಮೆ, ಅಂದರೆ ಬ್ಯಾಂಕು ಮುಳುಗಿದರೂ ಒಂದು ಮಿತಿಯವರೆಗೆ ಠೇವಣಿ ವಾಪಸ್ ಕೊಡುವ ಏರ್ಪಾಡು, ಇತ್ತು. ಮೊದಲ 2,000 ಪೌಂಡ್‌ಗೆ ಪೂರ್ತಿ, ಅದರ ಮೇಲಿನ 33,000ಕ್ಕೆ ನೂರಕ್ಕೆ 90ರಷ್ಟು. ಆ ಹತ್ತು ಪರ್ಸೆಂಟ್ ಸಾಕಾಯಿತು ಜನರನ್ನು ಬೀದಿಗೆ ತರಲು. ಸರ್ಕಾರ ಪೂರ್ತಿ ಹೊಣೆ ನಾನು ಅಂದ ಮೇಲೆ ಸಾಲು ಕರಗಿತು. ಮುಂದಿನ ವರ್ಷ ಅಮೆರಿಕದ ಹೂಡಿಕೆ ಬ್ಯಾಂಕು ಲೇಮನ್ ಮುಳುಗಿದಾಗ ಕೌಂಟರ್ ಮುಂದೆ ಯಾರೂ ನಿಲ್ಲಲಿಲ್ಲ, ಓಡಿದ್ದು ದೊಡ್ಡ ಸಂಸ್ಥೆಗಳೇ. ನಾನು ಹಳೆಯ ಜೆರಾಕ್ಸ್ ತೆಗೆದು ಮತ್ತೆ ಪಾಠ ಮಾಡಿದೆ. ಆ ಸೆಮಿಸ್ಟರ್ ಹಾಜರಾತಿ ಚೆನ್ನಾಗಿತ್ತು.

ನಮ್ಮ ದೇಶದ ಕಥೆಗೆ ಕೇರಳದ ಪಾಲಾದಿಂದ ಶುರುಮಾಡಬೇಕು. 1960ರ ಆಗಸ್ಟ್‌ನಲ್ಲಿ ರಿಸರ್ವ್ ಬ್ಯಾಂಕಿನ ಅರ್ಜಿಯ ಮೇಲೆ ಅಲ್ಲಿನ ಹೈಕೋರ್ಟ್ ಪಾಲಾಯಿ ಸೆಂಟ್ರಲ್ ಬ್ಯಾಂಕನ್ನು ಮುಚ್ಚಿಸಿತು. ಆ ರಾಜ್ಯದ ದೊಡ್ಡ ಬ್ಯಾಂಕು ಅದು. ಆ ಏಟಿಗೆ ಸಣ್ಣ ಬ್ಯಾಂಕುಗಳನ್ನು ದೊಡ್ಡವುಗಳ ಜೊತೆ ಸೇರಿಸುವ ಕೆಲಸ ಜೋರಾಯಿತು, 1962ರ ಜನವರಿ 1ರಿಂದ ಠೇವಣಿ ವಿಮೆ ಬಂತು. ಮೊದಲ ಮಿತಿ 1,500 ರೂಪಾಯಿ. ಮೆಲ್ಲಗೆ ಏರಿ 1993ರಲ್ಲಿ ಒಂದು ಲಕ್ಷ. ಅಲ್ಲಿ ನಿಂತದ್ದು 2020ರ ತನಕ ಅಲುಗಲಿಲ್ಲ. ಆ ಇಪ್ಪತ್ತೇಳು ವರ್ಷಗಳಲ್ಲಿ ಒಬ್ಬ ಗುಮಾಸ್ತರ ನಿವೃತ್ತಿ ಹಣ ಎಷ್ಟು ಪಟ್ಟು ಏರಿರಬೇಕು, ನೀವೇ ಲೆಕ್ಕ ಹಾಕಿ. ಪರೀಕ್ಷೆಯಲ್ಲಿ ಮಿತಿ ಎಷ್ಟು ಅಂತ ಕೇಳುತ್ತಿದ್ದೆವು, ಮಿತಿ ಯಾಕೆ ಅಲುಗಿಲ್ಲ ಅಂತ ಕೇಳಿದವರು ಕಡಿಮೆ.

2003ರ ಏಪ್ರಿಲ್‌ನಲ್ಲಿ ಗುಜರಾತಿನಲ್ಲಿ ಐಸಿಐಸಿಐ ಬ್ಯಾಂಕಿನ ಎಟಿಎಂಗಳ ಮುಂದೆ ಸಾಲು ಹತ್ತಿತು. ಬರೀ ವದಂತಿ. ಬ್ಯಾಂಕು ಗಟ್ಟಿಯಿತ್ತು, ರಿಸರ್ವ್ ಬ್ಯಾಂಕ್ ಹಾಗಂತ ಹೇಳಿಕೆ ಕೊಟ್ಟಿತು, ನಗದು ತಲುಪಿತು, ಸಾಲು ಹೋಯಿತು. 1983ರ ಲೇಖನಕ್ಕೆ ಹೇಳಿ ಮಾಡಿಸಿದ ಉದಾಹರಣೆ. 2020ರ ಜನವರಿಯಲ್ಲಿ ಬಸವನಗುಡಿಯ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ ನಿರ್ಬಂಧ ಬಿದ್ದು, ಖಾತೆಯಿಂದ 35,000ಕ್ಕಿಂತ ಹೆಚ್ಚು ತೆಗೆಯುವಂತಿಲ್ಲ ಅಂದಾಗ ಆದದ್ದು ಬೇರೆ. ಪಾವತಿ ನಿಲ್ಲಿಸುವುದೂ ಡೈಮಂಡ್–ಡಿಬ್ವಿಗ್ ಹೇಳಿದ ಔಷಧಿಯೇ. ಆದರೆ ತೋಟ ಚೆನ್ನಾಗಿರುವ ಬ್ಯಾಂಕಿಗೆ ಹೇಳಿದ ಔಷಧಿ ಅದು. ಸಾಲವೇ ಕೆಟ್ಟಿದ್ದರೆ ಪಾವತಿ ನಿಲ್ಲಿಸಿದಷ್ಟು ದಿನ ಠೇವಣಿದಾರ ಕಾಯಬೇಕು, ಅಷ್ಟೇ. ಆ ವಾರ ನನಗೆ ಫೋನ್ ಮಾಡಿದವರಲ್ಲಿ ಒಬ್ಬರೂ ಆ ಬ್ಯಾಂಕಿನ ಗ್ರಾಹಕರಲ್ಲ. ಎಲ್ಲ ಬೇರೆ ಬೇರೆ ಊರಿನ, ಬೇರೆ ಬೇರೆ ಸಹಕಾರಿ ಬ್ಯಾಂಕಿನವರು. "ನಮ್ಮದು ಹೇಗಿದೆ ಸಾರ್?" ಬೆಂಕಿ ಹೇಗೆ ಹಾರುತ್ತದೆ ಅನ್ನುವುದು ನನ್ನ ಫೋನಿನಲ್ಲೇ ಕಾಣುತ್ತಿತ್ತು. ಮುಂದಿನ ತಿಂಗಳು ವಿಮೆಯ ಮಿತಿ ಐದು ಲಕ್ಷವಾಯಿತು. 2021ರಲ್ಲಿ ಕಾನೂನು ತಿದ್ದಿ, ಇಂಥ ನಿರ್ಬಂಧ ಬಿದ್ದರೆ 90 ದಿನದೊಳಗೆ ವಿಮೆಯ ದುಡ್ಡು ಕೈಗೆ ಸಿಗಬೇಕು ಅಂತ ಮಾಡಿದರು. ತಡವಾದರೂ ಒಳ್ಳೆಯ ಕೆಲಸ. ನಾನು ಇದಕ್ಕೆ ಪೂರ್ತಿ ಅಂಕ ಕೊಡುತ್ತೇನೆ.

ಇದೇ ವಿಷಯದಲ್ಲಿ ಪಿಎಚ್‌ಡಿ ಮಾಡಿ ಅಧಿಕಾರದ ಕುರ್ಚಿಯಲ್ಲಿ ಕೂತವರೂ ಇದ್ದಾರೆ. ರಘುರಾಮ್ ರಾಜನ್ 1991ರಲ್ಲಿ ಎಂಐಟಿಯಲ್ಲಿ ಬರೆದ ಪ್ರಬಂಧ ಬ್ಯಾಂಕಿಂಗ್ ಕುರಿತೇ. ಚಿಕಾಗೋಗೆ ಹೋಗಿ ಡೈಮಂಡ್ ಜೊತೆ ಸೇರಿ ಬರೆದರು. ಠೇವಣಿದಾರ ಯಾವಾಗ ಬೇಕಾದರೂ ದುಡ್ಡು ಕಿತ್ತುಕೊಂಡು ಹೋಗಬಹುದು ಅನ್ನುವ ಹೆದರಿಕೆಯೇ ಬ್ಯಾಂಕರನ್ನು ನೆಟ್ಟಗೆ ಇಡುತ್ತದೆ ಅಂತ ಅವರಿಬ್ಬರ ವಾದ. 2013ರಲ್ಲಿ ರಿಸರ್ವ್ ಬ್ಯಾಂಕಿನ ಗವರ್ನರ್ ಆದಾಗ ಅವರ ಮುಂದೆ ಇದ್ದದ್ದು ಇದಕ್ಕೆ ತದ್ವಿರುದ್ಧ ದೇಶ. ಸರ್ಕಾರಿ ಬ್ಯಾಂಕಿನಿಂದ ಯಾರೂ ದುಡ್ಡು ಕೀಳುವುದಿಲ್ಲ, ಹಾಗಾಗಿ ಕೆಟ್ಟ ಸಾಲವನ್ನು ನವೀಕರಿಸುತ್ತ ಒಳ್ಳೆಯದು ಅಂತ ತೋರಿಸುತ್ತ ಎಷ್ಟು ವರ್ಷ ಬೇಕಾದರೂ ಇರಬಹುದು. 2015ರಲ್ಲಿ ಅವರು ಶುರುಮಾಡಿಸಿದ ಆಸ್ತಿ ಗುಣಮಟ್ಟ ಪರಿಶೀಲನೆಯಿಂದ (ಬ್ಯಾಂಕಿನ ಲೆಕ್ಕದಲ್ಲಿ ಆಸ್ತಿ ಅಂದರೆ ಅದು ಕೊಟ್ಟ ಸಾಲ) ಮುಚ್ಚಿಟ್ಟದ್ದು ಹೊರಬರಲು ಶುರುವಾಗಿ, 2018ರ ಮಾರ್ಚ್ ಹೊತ್ತಿಗೆ ವಸೂಲಾಗದ ಸಾಲ ನೂರಕ್ಕೆ ಹನ್ನೊಂದು ದಾಟಿತ್ತು. ಆ ಕುರ್ಚಿಯಲ್ಲಿ ಮೂರೇ ವರ್ಷ ಇದ್ದು ರಾಜನ್ ಚಿಕಾಗೋಗೆ ಮರಳಿದ್ದರು. ಇನ್ನೊಂದು ದಾರಿ ನಮ್ಮ ಎನ್. ಕೆ. ತಿಂಗಳಾಯರದು. ಸಿಂಡಿಕೇಟ್ ಬ್ಯಾಂಕಿನೊಳಗೆ ಅರ್ಥಶಾಸ್ತ್ರಜ್ಞರಾಗಿದ್ದು, ಅದರ ಅಧ್ಯಕ್ಷರೇ ಆಗಿ, ಕರಾವಳಿಯ ಬ್ಯಾಂಕುಗಳ ಚರಿತ್ರೆಯನ್ನೂ ಬರೆದರು. ಪಠ್ಯದಲ್ಲಿ ಇಲ್ಲದ ಆ 'ಯಾಕೆ' ಪ್ರಶ್ನೆಗೆ ನನಗೆ ಸಿಕ್ಕಷ್ಟು ಉತ್ತರ ಸಿಕ್ಕಿದ್ದು ಅವರ ಬರಹದಲ್ಲಿ.

ಆ ಬ್ಯಾಂಕುಗಳಲ್ಲಿ ಈಗ ಹೆಸರು ಉಳಿದಿರುವುದು ಕೆನರಾ ಮತ್ತು ಕರ್ಣಾಟಕದ್ದು ಮಾತ್ರ. 2019ರ ಏಪ್ರಿಲ್ 1ಕ್ಕೆ ವಿಜಯಾ ಹೋಯಿತು ಬರೋಡಾಕ್ಕೆ. ಮುಂದಿನ ವರ್ಷ ಅದೇ ದಿನ ಸಿಂಡಿಕೇಟ್ ಕೆನರಾದೊಳಗೆ, ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿನೊಳಗೆ. ಊರಿನವರಿಗೆ ಹೊಟ್ಟೆ ಉರಿಯಿತು. ನನಗೂ. ಆದರೆ ಹಂಚಿಕೆಯೇ ಕಾವಲು ಅಂತ ಪಾಠ ಹೇಳಿದವನು ಸಣ್ಣ ಬ್ಯಾಂಕು ದೊಡ್ಡದರೊಳಗೆ ಸೇರಿದ್ದಕ್ಕೆ ಬಾಯಿ ಬಡಿದುಕೊಳ್ಳುವುದು ಹೇಗೆ? ಸಾಲಗಾರನ ಮುಖ ಗೊತ್ತಿದ್ದವರು ವರ್ಗವಾಗಿ ಎಲ್ಲೆಲ್ಲೋ ಹೋದರು, ಅದರ ನಷ್ಟ ಯಾವ ಬ್ಯಾಲೆನ್ಸ್ ಶೀಟಿನಲ್ಲೂ ಕಾಣುವುದಿಲ್ಲ ಅನ್ನುವಷ್ಟು ಮಾತ್ರ ಹೇಳಬಲ್ಲೆ.

ನಿವೃತ್ತಿಯ ಮೇಲೆ ಕರೆ ಬರುವುದು ಸಹಕಾರ ಸಂಘಗಳ ವಾರ್ಷಿಕ ಸಭೆಗಳಿಂದ. ಶಾಲು, ಹಣ್ಣಿನ ಬುಟ್ಟಿ, ಇಪ್ಪತ್ತು ನಿಮಿಷ ಮಾತು. ಹೋದ ವರ್ಷ ಒಂದು ಪತ್ತಿನ ಸಹಕಾರ ಸಂಘದಲ್ಲಿ ವೇದಿಕೆ ಏರುವ ಮೊದಲು ನಿರ್ದೇಶಕರಿಗೆ ವಿಷಯ ತಿಳಿಸಿದೆ. ಐದು ಲಕ್ಷದ ವಿಮೆ ಇರುವುದು ಬ್ಯಾಂಕುಗಳಿಗೆ, ಸಹಕಾರಿ ಬ್ಯಾಂಕಿಗೂ ಸೇರಿ. ಪತ್ತಿನ ಸಂಘದ ಠೇವಣಿಗೆ ಆ ವಿಮೆ ಇಲ್ಲ. ಸದಸ್ಯರಿಗೆ ಇದು ಗೊತ್ತಿರಬೇಕು. ಅವರು ನನ್ನ ಕೈ ಹಿಡಿದುಕೊಂಡರು. "ಅದೊಂದು ಮೈಕಲ್ಲಿ ಹೇಳ್ಬೇಡಿ ಮಾರಾಯ್ರೆ. ನಮ್ಮ ಸಂಘಕ್ಕೆ ಏನೂ ಆಗ್ಲಿಲ್ಲ. ನೀವು ಹೇಳಿದ್ರೆ ನಾಳೆ ಬೆಳಿಗ್ಗೆ ಕೌಂಟರಿನ ಎದುರು ಜಾತ್ರೆ ಆಗ್ತದೆ."

ಅವರ ಮಾತು ಸುಳ್ಳಲ್ಲ. ಬೋರ್ಡಿನ ಎರಡನೇ ಬದಿಯನ್ನು ನನಗಿಂತ ಚೆನ್ನಾಗಿ ಅರ್ಥ ಮಾಡಿಕೊಂಡಿದ್ದರು. ಆದರೆ ಠೇವಣಿದಾರನಿಗೆ ಗೊತ್ತಿಲ್ಲದಂತೆ ನಂಬಿಕೆ ಉಳಿಸಿಕೊಳ್ಳುವುದು 1984ರ ಲೇಖನದ ಕಾವಲುಗಾರನ ಕೆಲಸವಲ್ಲ. ನಾನು ಹೇಳಿದೆ. ವಿಮೆ ಇಲ್ಲ, ಆದ್ದರಿಂದ ನಿಮ್ಮ ಸಂಘದ ಸಾಲ ಯಾರಿಗೆ ಹೋಗಿದೆ, ಎಷ್ಟು ವಸೂಲಾಗಿದೆ ಅಂತ ಕೇಳುವ ಹಕ್ಕು ನಿಮ್ಮದೇ ಅಂದೆ. ಸಭೆ ಒಂದು ಗಳಿಗೆ ಗುಜುಗುಜು ಆಯಿತು. ಆಗ ಸಂಘದ ಕಾರ್ಯದರ್ಶಿ, ನಲವತ್ತರ ಆಸುಪಾಸಿನ ಹೆಂಗಸು, ಕಾರ್ಯಸೂಚಿಯಲ್ಲಿ ಇಲ್ಲದಿದ್ದರೂ ಎದ್ದು ಮೈಕ್ ತೆಗೆದುಕೊಂಡು ಸಾಲದ ಬಾಕಿಯನ್ನು ಬಾಬ್ತುವಾರು ಓದಲು ಶುರುಮಾಡಿದರು. ಚಿನ್ನದ ಸಾಲ, ಬೆಳೆ ಸಾಲ, ವಾಹನ ಸಾಲ. ವಾಹನ ಸಾಲದ ಬಾಕಿ ಬಂದಾಗ ಹಿಂದಿನ ಸಾಲಿನಿಂದ ಒಬ್ಬರು, "ಅದ್ರಲ್ಲಿ ನಿರ್ದೇಶಕರ ಮನೆಯವ್ರದ್ದು ಎಷ್ಟು?" ಅಂತ ಕೇಳಿದರು. ಊಟಕ್ಕೆ ಒಂದೂವರೆ ತಾಸು ತಡವಾಯಿತು.